ಮಸ್ಕತ್ತಿನಲ್ಲೊಂದು ಅರಕಲಗೂಡು

ಪುಟ್ಟಸ್ವಾಮಣ್ಣ ಬೆಳಿಗ್ಗೆ ಆರೂ ಕಾಲಿಗೆ ನಮ್ಮ ಕಟ್ಟಡದ ಕೆಳಗೆ ವ್ಯಾನು ನಿಲ್ಲಿಸಿ, ಬಾಗಿಲು ತೆಗೆಯುವ ಮುಂಚೆ ಮಕ್ಕಳ ಮುಂದೆ ಅಂಗೈ ಚಾಚಿ, "ಟಿಕೇಟ್?" ಎಂದು ಕೇಳುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಎಂಟು ಅಂಕಿಯ ಒಂದು ನಂಬರು ಹೇಳಬೇಕು. ಅದು ಅವರ ಮೊಬೈಲ್ ನಂಬರು. ಒಂದೇ ಒಂದು ಅಂಕಿ ತಪ್ಪಿದರೂ ಮುಖ ಗಂಟಿಕ್ಕಿಕೊಂಡು, "ಈ ಟಿಕೇಟ್ ನಡೆಯಾಕಿಲ್ಲ. ಲೈನ್ ಇಂದ್ಕೋಗಿ ಇನ್ನೊಂದ್ ಕಿತ ಬಾ" ಎನ್ನುವರು. ಮಗು ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಲ್ಲುವುದು. ಎಲ್ಲರೂ ಹತ್ತಿದ ಮೇಲೆ ವ್ಯಾನಿನ ತಗಡಿಗೆ ಎರಡು ಸಲ ಬಡಿದು, "ರೈಟ್ ರೈಟ್" ಎಂದು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡು, ಮುಂದೆ ಹೋಗಿ ಸ್ಟೇರಿಂಗ್ ಹಿಡಿಯುವರು.

ನನ್ನ ಗಂಡ ಮಸ್ಕತ್ತಿನಲ್ಲಿ ಎ.ಸಿ. ಮೆಕ್ಯಾನಿಕ್ಕು. ಅವರ ಊರು ಹೊಳೆನರಸೀಪುರ, ನಂದು ಸಾಲಗಾಮೆ. ಮಗಳು ಸಿರಿ ಹುಟ್ಟಿದ್ದು, ನಡೆದದ್ದು, ಶಾಲೆಗೆ ಸೇರಿದ್ದು ಎಲ್ಲ ಅಲ್ಲೇ. ಶಾಲೆಯ ವ್ಯಾನಿಗೆ ಯಾರಾದರೂ ನಂಬುವಂಥವರು ಸಿಕ್ಕಾರೇ ಎಂದು ಹುಡುಕುತ್ತಿದ್ದಾಗ ಸಿಕ್ಕವರು ಪುಟ್ಟಸ್ವಾಮಣ್ಣ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು ದಾಟಿ ರಾಮನಾಥಪುರಕ್ಕೆ ಹೋಗುವ ಬಸ್ಸಿನಲ್ಲಿ ಹದಿನಾರು ವರ್ಷ ಕಂಡಕ್ಟರಾಗಿದ್ದರಂತೆ. "ಒಟ್ಟೆಪಾಡಿಗೆ ಡ್ರೈವರ್ ಆಗಿವ್ನಿ ಕಣವ್ವ. ಜೀವ ಮಾತ್ರ ಕಂಡಕ್ಟರ್ದು" ಎಂದು ಮೊದಲ ದಿನವೇ ಹೇಳಿದ್ದರು. ನಮ್ಮ ಮನೆಗೆ ಬಂದರೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೇ ಟೀ ಕುಡಿಯುತ್ತಿದ್ದರು. ಕೂತ್ಕೊಳ್ಳಿ ಎಂದರೆ, "ಪ್ಯಾಸೆಂಜರ್ ಕೂತ್ಕಳ್ಳಿ. ಕಂಡಕ್ಟರ್ ಕೂತ್ರೆ ನಿದ್ದೆ ಬಂದ್ಬುಡ್ತದೆ" ಎಂದು ನಗುತ್ತಿದ್ದರು.

ಅವರು ತಮ್ಮ ಹಳೆಯ ರೂಟನ್ನು ಮಸ್ಕತ್ತಿಗೂ ತಂದಿದ್ದರು. ವ್ಯಾನು ಹೊರಡುವ ಅವರ ರೂಮಿನ ಬೀದಿಯೇ ಚನ್ನರಾಯಪಟ್ಟಣ. ಒಣ ಹಳ್ಳದ ಮೇಲಿನ ಸೇತುವೆ ದಾಟಿದರೆ ನಮ್ಮ ಬೀದಿಯ ತುದಿಯಲ್ಲಿ ಒಂದು ಬೇಕರಿ, ಅದು ಹೊಳೆನರಸೀಪುರ. ನಮ್ಮ ಕಟ್ಟಡ ಅರಕಲಗೂಡು. ಶಾಲೆ ರಾಮನಾಥಪುರ. ಒಂದೊಂದು ಕಡೆ ನಿಲ್ಲಿಸಿದಾಗಲೂ ತಲೆ ಹೊರಗೆ ಹಾಕಿ ಕೂಗುವರು: "ಅರ್ಕಲ್‌ಗೂಡ್, ಅರ್ಕಲ್‌ಗೂಡ್, ಯಾರ್ರೀ ಇಳಿಯೋರು!" ಕೇರಳದ ಮಕ್ಕಳು, ಆಂಧ್ರದ ಮಕ್ಕಳು, ಈಜಿಪ್ಟಿನ ಒಂದು ಗುಂಗುರು ಕೂದಲಿನ ಹುಡುಗಿ, ಎಲ್ಲರೂ ಅರಕಲಗೂಡಿನಲ್ಲಿ ಹತ್ತಿ ರಾಮನಾಥಪುರದಲ್ಲಿ ಇಳಿಯುತ್ತಿದ್ದರು.

ನನ್ನ ಗಂಡ ಒಂದು ಸಲ ತಕರಾರು ತೆಗೆದರು. "ಅಲ್ಲಾ ಪುಟ್ಸಾಮಣ್ಣ, ನಾನು ಹೊಳೆನರ್ಸೀಪುರದೋನು. ನಮ್ಮನೇನ ಅರ್ಕಲಗೂಡಿಗೆ ಹಾಕಿದ್ದೀರಲ್ಲ?"

"ನೀನು ಮನೆ ಬದಲಾಯ್ಸಪ್ಪ. ನಾನು ರೂಟ್ ಬದಲಾಯ್ಸಾಕಾಗಕಿಲ್ಲ. ಪರ್ಮಿಟ್ ಕ್ಯಾನ್ಸಲ್ ಆಯ್ತದೆ."

ಯಾವುದಾದರೂ ಮಗುವಿಗೆ ಜ್ವರ ಬಂದು ಶಾಲೆ ತಪ್ಪಿದರೆ ಆ ಮಗುವಿನ ಸೀಟಿನ ಮೇಲೆ ತಮ್ಮ ಹೆಗಲ ಟವಲ್ಲು ಹಾಸಿಬಿಡುತ್ತಿದ್ದರು. ಬೇರೆಯವರು ಕೂರುವಂತಿಲ್ಲ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. "ಸೀಟ್ ಇಡ್ದೈತೆ. ನಾಳೀಕೆ ಬತ್ತದೆ ಮಗ" ಎನ್ನುವರು. ಸಿರಿಗೆ ಗದ್ದಬಾವು ಬಂದಾಗ ಒಂದು ವಾರ ಆ ಟವಲ್ಲು ಅವಳ ಸೀಟು ಬಿಟ್ಟು ಕದಲಲಿಲ್ಲವಂತೆ.

ಮರಳುಗಾಡಿನ ಊರಿನಲ್ಲಿ ಮಳೆ ಅಪರೂಪ. ಒಂದು ವರ್ಷ ಚಳಿಗಾಲದಲ್ಲಿ ಜೋರು ಮಳೆ ಬಂದು, ಸೇತುವೆ ಕೆಳಗಿನ ಒಣ ಹಳ್ಳದಲ್ಲಿ ಕೆಂಪು ನೀರು ಹರಿಯಿತು. ಆವತ್ತು ಶಾಲೆ ಬಿಟ್ಟು ಮುಕ್ಕಾಲು ಗಂಟೆಯಾದರೂ ವ್ಯಾನು ಬರಲಿಲ್ಲ. ತಾಯಂದಿರೆಲ್ಲ ಬೀದಿಯಲ್ಲಿ ನಿಂತು ಫೋನು ಮಾಡುತ್ತಿದ್ದೆವು. ಕೊನೆಗೆ ಬಂತು. ಮಕ್ಕಳ ಮುಖವೆಲ್ಲ ಹಬ್ಬ. ಪುಟ್ಟಸ್ವಾಮಣ್ಣ ದಾರಿಯಲ್ಲಿ, ಆ ಹಳ್ಳ ದೂರದಿಂದ ಕಾಣುವ ದಿಬ್ಬದ ಮೇಲೆ ವ್ಯಾನು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, "ಏಮಾವತಿ ಬಂದವ್ಳೆ ಕಣ್ರುಲಾ, ಕೈ ಮುಗೀರಿ" ಎಂದರಂತೆ. ಹನ್ನೊಂದು ಮಕ್ಕಳು ಸಾಲಾಗಿ ನಿಂತು ಕೈ ಮುಗಿದವಂತೆ. ನಾನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಈಜಿಪ್ಟಿನ ಹುಡುಗಿ ತನ್ನ ಅಮ್ಮನಿಗೆ "ಏಮಾವತಿ, ಏಮಾವತಿ" ಎಂದು ಕುಣಿಯುತ್ತಾ ಹೇಳುತ್ತಿದ್ದುದನ್ನು ಕಂಡು ನಗು ಬಂದುಬಿಟ್ಟಿತು.

ಆದರೆ ನನಗೆ ಒಳಗೊಳಗೇ ಒಂದು ಭಯವಿತ್ತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಈ ಭಯ ಗೊತ್ತು. ಇವರಿಗೆ ನಮ್ಮ ಊರು ಊರಾಗಿ ಉಳಿಯುತ್ತದೆಯೇ, ಇಲ್ಲ ರಜೆಯಲ್ಲಿ ಹೋಗಿ ಬರುವ ಯಾರದೋ ಜಾಗವಾಗುತ್ತದೆಯೇ ಎಂದು. ಒಂದು ದಿನ ಸಿರಿ ವೀಡಿಯೊ ಕಾಲಿನಲ್ಲಿ ನಮ್ಮ ಅತ್ತೆಗೆ, "ಅಜ್ಜಿ, ನೀನು ಸುಳ್ಳು ಹೇಳ್ತೀಯ. ಹೊಳೆನರಸೀಪುರ ಬೇಕರಿ ಹತ್ರ ಇದೆ. ನಾನು ದಿನಾ ನೋಡ್ತೀನಿ" ಎಂದಳು.

ಅತ್ತೆ ಕಂಗಾಲಾಗಿ ನನ್ನನ್ನು ಕೇಳಿದರು: "ಅಂಗಾರೆ ನಾನು ಎಲ್ಲಿವ್ನಿ?"

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ಪುಟ್ಟಸ್ವಾಮಣ್ಣನ ಹತ್ತಿರ ಹೋಗಿ, "ಅಣ್ಣಾ, ಮಕ್ಕಳಿಗೆ ಸುಳ್ಳು ಊರು ತೋರಿಸಬೇಡಿ. ನಾಳೆ ನಿಜವಾದ ಊರಿಗೆ ಹೋದಾಗ ಅದನ್ನೇ ಇದು ಊರಲ್ಲ ಅಂದುಬಿಟ್ರೆ?" ಎಂದೆ.

ಅವರು ಟವಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ತಂಗೆಮ್ಮ, ಇಲ್ಲಿ ಬೀದಿಗೆ ನಂಬ್ರು, ಬಿಲ್ಡಿಂಗ್‌ಗೆ ನಂಬ್ರು, ಮನೆಗೆ ನಂಬ್ರು. ಮಕ್ಳಿಗೆ ಕೂಗಾಕೆ ಒಂದ್ ಎಸ್ರು ಬ್ಯಾಡ್ವಾ?" ಎಂದರು. ಟವಲ್ಲು ಹೆಗಲಿಗೆ ಹಾಕಿಕೊಂಡು, "ಆಯ್ತು ಬುಡು, ಕೂಗಕಿಲ್ಲ" ಎಂದರು.

ಎರಡು ದಿನ ಕೂಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಕ್ಕಳು ವ್ಯಾನಿನಿಂದ ಇಳಿಯಲೇ ಇಲ್ಲ. ಅರಕಲಗೂಡು ಬಂದಿಲ್ಲ, ಬಂದಿದ್ದರೆ ಮಾಮ ಕೂಗುತ್ತಿದ್ದರು ಎಂದು ಹಟ ಹಿಡಿದು ಕೂತವು. ಪುಟ್ಟಸ್ವಾಮಣ್ಣ ಪಾಪದವರ ಹಾಗೆ ನನ್ನ ಮುಖ ನೋಡಿದರು. ನಾನು ಸೋತು, "ಕೂಗಿ ಅಣ್ಣಾ" ಎಂದೆ. ಅವತ್ತು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ನನ್ನ ಭಯ ನಿಜವಾದದ್ದು ಅದಾದ ತಿಂಗಳೊಳಗೆ. ಒಂದು ಶುಕ್ರವಾರ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಸಿರಿಯ ತಮ್ಮನಿಗೆ, ಆಗಿನ್ನೂ ಕಂಕುಳ ಕೂಸು, ಚಪ್ಪಲಿ ನೋಡುತ್ತಿದ್ದೆ. ತಿರುಗಿದರೆ ಸಿರಿ ಇಲ್ಲ. ಆಗ ಅವಳಿಗೆ ಆರು ವರ್ಷ. ಗಂಡ ಒಂದು ಕಡೆ, ಮಗುವನ್ನು ಎತ್ತಿಕೊಂಡು ನಾನೊಂದು ಕಡೆ ಓಡಿದೆವು. ಮಹಡಿ ಮೇಲೆ ಮಹಡಿ, ಜನ, ದೀಪ.

ಅಷ್ಟರಲ್ಲಿ ಗಂಡನ ಫೋನು ಬಂತು. "ಸಿಕ್ಕಿದ್ಳು. ಕೆಳಗೆ ಗಾರ್ಡ್ ಹತ್ರ ಇದ್ದಾಳೆ. ಪುಟ್ಸಾಮಣ್ಣ ಫೋನ್ ಮಾಡಿದ್ರು."

ನಡೆದದ್ದು ಇಷ್ಟು. ಗಾರ್ಡು ಮನೆ ಎಲ್ಲಿ ಎಂದು ಕೇಳಿದ್ದಾನೆ. ಇವಳು ಅರಕಲಗೂಡು ಎಂದಿದ್ದಾಳೆ. ಅದು ಎಲ್ಲಿ ಬರುತ್ತದೆ ಎಂದರೆ, ಹೊಳೆನರಸೀಪುರ ಆದ ಮೇಲೆ, ರಾಮನಾಥಪುರಕ್ಕಿಂತ ಮುಂಚೆ ಎಂದಿದ್ದಾಳೆ. ಅವನು ತಲೆ ಕೆರೆದುಕೊಂಡು, ಯಾವುದಾದರೂ ಫೋನ್ ನಂಬರು ಗೊತ್ತಾ ಎಂದಿದ್ದಾನೆ. ಇವಳು ಕೂಡಲೇ ಟಿಕೇಟು ಒಪ್ಪಿಸಿದ್ದಾಳೆ, ಒಂದು ಅಂಕಿಯೂ ತಪ್ಪದೆ. ಹೆತ್ತ ನಾವು ನಮ್ಮಿಬ್ಬರ ನಂಬರನ್ನೂ ಅವಳಿಗೆ ಕಲಿಸಿರಲಿಲ್ಲ.

ನಾವು ಕೆಳಗೆ ಇಳಿದು ಬರುವಷ್ಟರಲ್ಲಿ ಪುಟ್ಟಸ್ವಾಮಣ್ಣನೂ ಹತ್ತಿರದ ತಮ್ಮ ರೂಮಿನಿಂದ ಏದುಸಿರು ಬಿಡುತ್ತಾ ಬಂದರು, ಲುಂಗಿಯಲ್ಲೇ. ಸಿರಿ ಗಾರ್ಡಿನ ಕುರ್ಚಿಯ ಮೇಲೆ ಕಾಲಾಡಿಸುತ್ತಾ ಕೂತಿದ್ದಳು. ನಾನು ಅಳುತ್ತಿದ್ದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಸಿರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸ್ಟೇರಿಂಗ್ ಮುಂದೆ ಬಿಟ್ಟರೆ ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಾಳಿಂದ ಟಿಕೇಟ್ ಬ್ಯಾರೆ ಕಣ್ ಮಗ. ನಂದಲ್ಲ. ನಿಮ್ಮವ್ವಂದು ಯೋಳಬೇಕು" ಎಂದರು.

ಅವತ್ತಿನಿಂದ ಹನ್ನೊಂದು ಮಕ್ಕಳಿಗೆ ಹನ್ನೊಂದು ಟಿಕೇಟು. ಯಾವ ಮಗುವಿನದು ಯಾವ ನಂಬರು ಎಂದು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಅಂಗೈ ಚಾಚಿ ಕೇಳುವುದು ಮಾತ್ರ ಹಾಗೇ ಇತ್ತು. ಊರುಗಳನ್ನು ಕೂಗುವುದು ನಿಲ್ಲಿಸಲೇ ಎಂದು ಅವರಾಗಿಯೇ ಕೇಳಿದರು. ಬೇಡ ಎಂದೆ.

ಮೂರು ವರ್ಷ ಕಳೆದು, ವಯಸ್ಸಾಯಿತೆಂದು ವೀಸಾ ಮುಗಿಸಿಕೊಂಡು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾವೆಲ್ಲ ಹೋಗಿದ್ದೆವು. ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ, ಹೆಗಲ ಮೇಲೆ ಅದೇ ಟವಲ್ಲು. ಸಿರಿಗೆ ಹೇಳಿದರು: "ರಜಕ್ಕೆ ಬಾ ಮಗ. ಪಟ್ಣದ್ ಬಸ್‌ಸ್ಟ್ಯಾಂಡ್‌ನಾಗೆ ಕಾಯ್ಕಂಡಿರ್ತೀನಿ. ಡ್ರೈವರ್ ಇಂದಲ್ ಸೀಟ್ ಇಡ್ದಿರ್ತೀನಿ. ಅಸ್ಲಿ ರೂಟ್ ತೋರುಸ್ತೀನಿ. ರಾಮ್ನಾಥ್‌ಪುರದಾಗೆ ಹೊಳೇಲಿ ಮೀನ್ಗೆ ಕಡ್ಲೆಪುರಿ ಹಾಕೀವಂತೆ."

ನಾವು ರಜೆಗೆ ಟಿಕೇಟು ಮಾಡಿಸುವ ಹೊತ್ತಿಗೆ ಅವರು ಇರಲಿಲ್ಲ. ತೋಟಕ್ಕೆ ನೀರು ಬಿಟ್ಟು ಬಂದವರು ಎದೆ ಹಿಡಿದುಕೊಂಡರಂತೆ. ಈಗ ಐದು ತಿಂಗಳು. ಸುದ್ದಿ ಬಂದ ದಿನ ನಾನು ಅಡುಗೆಮನೆಯ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದೆ. ಅವರು ಟೀ ಕುಡಿಯುತ್ತಿದ್ದ ಜಾಗ ಅದು.

ಹೋದ ತಿಂಗಳು, ಬುದ್ಧಿ ತಿಳಿದ ಮೇಲೆ ಊರನ್ನೇ ನೋಡದಿದ್ದ ಸಿರಿಯನ್ನು ಕರೆದುಕೊಂಡು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿಗೆ ಬಂದೆ. ರಾಮನಾಥಪುರದ ಬಸ್ಸು ನಿಂತಿತ್ತು. ನನಗಿಂತ ಮುಂಚೆ ಅವಳು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ನನ್ನನ್ನು ಕೂರಿಸಿ, ತಾನು ನಡುವೆ ಕೂತು, ಪಕ್ಕದ ಜಾಗದಲ್ಲಿ ತನ್ನ ಕರ್ಚೀಫು ಹಾಸಿದಳು.

ಬಸ್ಸು ಹೊರಟಿತು. ಅವಳು ದಾರಿಯುದ್ದಕ್ಕೂ ನಿಜವಾದ ಊರುಗಳನ್ನು ಪರೀಕ್ಷೆ ಮಾಡುವವಳ ಹಾಗೆ ನೋಡುತ್ತಿದ್ದಳು. ಹೇಮಾವತಿಯ ಸೇತುವೆ ಬಂದಾಗ ಎದ್ದು ನಿಂತು ಕೈ ಮುಗಿದಳು. "ಅಮ್ಮ, ಮಾಮ ಸರಿಯಾಗೇ ಹೇಳಿದ್ರು. ಸೇತುವೆ, ಆಮೇಲೆ ಹೊಳೆನರಸೀಪುರ" ಎಂದಳು. ನಾಲ್ಕು ವರ್ಷದ ಹಿಂದೆ ಹುಟ್ಟಿದ ನನ್ನ ಭಯ ಅಷ್ಟಕ್ಕೇ ಕೆಳಗಿಳಿಯಿತು. ಅವಳು ಈ ಊರಿಗೆ ಹೊಸಬಳಾಗಿ ಬಂದಿರಲಿಲ್ಲ, ವಾಪಸು ಬಂದಿದ್ದಳು.

ಹೊಳೆನರಸೀಪುರದಲ್ಲಿ ಬಸ್ಸು ತುಂಬಿತು. ಸೊಪ್ಪಿನ ಗಂಟು ಹಿಡಿದ ಒಬ್ಬ ಅಜ್ಜಿ ನಮ್ಮ ಪಕ್ಕಕ್ಕೆ ಬಂದು ನಿಂತು, ಕರ್ಚೀಫು ನೋಡಿ, "ಯಾರವ್ವಾ ಇಲ್ಲಿ ಕೂತವ್ರೆ?" ಎಂದಳು.

"ನಮ್ಮ ಮಾಮ" ಎಂದಳು ಸಿರಿ.

"ಕೆಳಗಿಳ್ದವ್ರಾ? ಬಸ್ ಒಂಟೋಯ್ತದೆ, ಕೂಗವ್ವ."

ಸಿರಿ ನನ್ನ ಮುಖ ನೋಡಿದಳು, ಅಜ್ಜಿಯ ಕೈಯಲ್ಲಿದ್ದ ಸೊಪ್ಪಿನ ಗಂಟು ನೋಡಿದಳು. ಆಮೇಲೆ ಕರ್ಚೀಫು ತೆಗೆದು ಮಡಿಚಿ ಜೇಬಿಗಿಟ್ಟುಕೊಂಡು, ಪುಟ್ಟಸ್ವಾಮಣ್ಣನದೇ ಧಾಟಿಯಲ್ಲಿ ಹೇಳಿದಳು:

"ನೀವ್ ಕೂತ್ಕಳಿ ಅಜ್ಜಿ. ಅವ್ರು ಕಂಡಕ್ಟ್ರು. ನಿಂತ್ಕಂಡೇ ಬತ್ತಾರೆ."