ಅಲಮಾರಿಯ ಹಿಂದಿನ ಕಿಟಕಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿಟಕಿಯಮ್ಮ ಆಗಲೇ ತೋಳು ಮೇಲಕ್ಕೇರಿಸಿ ಮರದ ಅಲಮಾರಿಯೊಂದನ್ನು ಖಾಲಿ ಮಾಡುತ್ತಿದ್ದಾರೆ. ಹೊದಿಕೆಗಳು, ಹಳೆಯ ಸ್ವೆಟರುಗಳು, ಹಿಡಿ ಮುರಿದ ಕೊಡೆ, ಎಲ್ಲ ಒಂದೊಂದಾಗಿ ನೆಲಕ್ಕಿಳಿಯುತ್ತಿವೆ.

"ಮೆಲ್ಲಗೆ ಕಣೇ! ಅದು ಅಮ್ಮನ ಅಲಮಾರಿ," ಎಂದು ಮಂಚದ ಮೇಲಿಂದ ಅವರ ಅಕ್ಕ ಗದರುತ್ತಾರೆ. ಗದರಿ ಮುಗಿಯುವ ಮೊದಲೇ ಕೆಮ್ಮು ಬರುತ್ತದೆ.

"ಗೊತ್ತಕ್ಕಾ. ನನ್ನನ್ನೇನು ಬೀದಿಯಿಂದ ಎತ್ಕೊಂಡು ಬಂದಿದ್ರಾ? ನಂಗೂ ಅವಳೇ ಅಮ್ಮ."

ಹೆಸರು ಹಿಡಿದು ಕೇಳಿದರೆ ಈ ಓಣಿಯಲ್ಲಿ ಯಾರಿಗೂ ಅವರು ಗೊತ್ತಿಲ್ಲ. ಕಿಟಕಿಯಮ್ಮ ಎಂದರೆ ಮಾತ್ರ ಪುಟ್ಟ ಮಗುವೂ ಮನೆ ತೋರಿಸುತ್ತದೆ. ಬಣ್ಣ ಮೆತ್ತಿ ಅಂಟಿಕೊಂಡ, ಮಳೆಗೆ ಉಬ್ಬಿ ಕೂತ ಹಳೆಯ ಕಿಟಕಿಗಳನ್ನು ಮತ್ತೆ ತೆರೆಯುವಂತೆ, ಮುಚ್ಚಿದರೆ ಬಿಗಿಯಾಗಿ ಕೂರುವಂತೆ ಮಾಡುವುದು ಅವರ ಕೆಲಸ. ದಿನಕ್ಕೆ ಎರಡು ಕಿಟಕಿ. ಮರ ಮೊಂಡು ಹಿಡಿದರೆ ಒಂದೇ. ಮುಗಿದ ಮೇಲೆ ಸಂದಿಗೆ ತೆಳುವಾದ ಕಾಗದ ಹಿಡಿದು ನೋಡುತ್ತಾರೆ. ಅದು ಅಲುಗಿದರೆ ಚಳಿಗಾಲದಲ್ಲಿ ಹೀಟರಿನ ಬಿಸಿಯೆಲ್ಲ ಬೀದಿಗೇ ಹೋಗುತ್ತದೆ ಎಂದು ಲೆಕ್ಕ. ಮತ್ತೆ ಮರ ಹೆರೆಯುವ ಕೀಸುಳಿ ಕೈಗೆ ಬರುತ್ತದೆ.

ಕೀಸುಳಿ ಗಂಡನದು. "ಅವರು ಹೋದ್ಮೇಲೆ ಸಾಮಾನೆಲ್ಲ ಮಾರಿಬಿಡೋಣ ಅಂದ್ಕೊಂಡೆ. ಇದನ್ನ ಕೈಗೆ ತಗೊಂಡೆ ನೋಡಿ, ಹಿಡಿ ಅವರ ಅಂಗೈಗೆ ಸವೆದಿತ್ತು. ಕೊಡೋಕೆ ಮನಸ್ಸೇ ಬರ್ಲಿಲ್ಲ." ಕೆಲಸ ಕಲಿಯುವಾಗ ಒಡೆದ ಗಾಜಿಗೆ ಲೆಕ್ಕವಿಲ್ಲ, ಬೈಗುಳಕ್ಕೂ ಇಲ್ಲ. ಗಂಡ ಹೋದಾಗ ತವರಿಗೆ ಬಂದವರು, ಮದುವೆಯ ಗೋಜಿಗೇ ಹೋಗದ ಅಕ್ಕನ ಜೊತೆ ಇಲ್ಲೇ ಉಳಿದಿದ್ದಾರೆ.

ಅವರ ಬಾಲ್ಯದ ಓಣಿಯಲ್ಲಿ ಕಿಟಕಿಗಳು ಮುಚ್ಚುತ್ತಿದ್ದುದೇ ಅಪರೂಪ. ಒಂದು ಮನೆಯ ರೇಡಿಯೊ ನಾಲ್ಕು ಮನೆಗೆ ಕೇಳುತ್ತಿತ್ತು, ಜಗಳವೂ ಅಷ್ಟೇ ಮನೆಗೆ. ಈಗ ಕಿಟಕಿಗಳೆಲ್ಲ ಮುಚ್ಚಿ, ನಡುಮಧ್ಯಾಹ್ನವೂ ಮನೆಮನೆಯಲ್ಲಿ ದೀಪ ಉರಿಯುತ್ತದೆ. ಆ ಹಳೆಯ ದಿನಗಳ ಮಾತು ಬಂದರೆ ಕಿಟಕಿಯಮ್ಮನ ಕೈ ಒಂದು ಗಳಿಗೆ ನಿಂತುಬಿಡುತ್ತದೆ. "ಏನ್ ಚೆನ್ನಾಗಿತ್ತು ಅಂತೀರಾ! ಎದುರುಮನೆಯವರು ಅಲ್ಲಿಂದಾನೇ ತಲೆ ಬಾಚ್ಕೊಂಡಿಲ್ವಾ ಅಂತ ನನ್ನ ಬೈಯೋರು."

ಊರಿನ ಕಿಟಕಿಗಳನ್ನೆಲ್ಲ ತೆರೆಸಿದವರ ಸ್ವಂತ ಮನೆಯಲ್ಲಿ ಮಾತ್ರ ಒಂದು ಕಿಟಕಿ ಮುಚ್ಚೇ ಇತ್ತು. ಅಕ್ಕ ಚಿಕ್ಕವರಿದ್ದಾಗ ಒಂದು ಚಳಿಗಾಲ ಅದರ ಗಾಜು ಒಡೆಯಿತು. ಅವರಿಗೋ ಎದೆತುಂಬ ಕಫ. ಅಮ್ಮ ರಟ್ಟು ಸಿಕ್ಕಿಸಿ, ಸಾಲದೆಂದು ಅಲಮಾರಿಯನ್ನೇ ಎಳೆದು ಅಡ್ಡ ಇಟ್ಟರು. ಎರಡು ದಿನದ ಮಟ್ಟಿಗೆ ಅಂದಿದ್ದರು. ಅಮ್ಮ ಹೋದರು, ಅಲಮಾರಿ ಅಲ್ಲೇ ಉಳಿಯಿತು.

ಈಗ ಅದರ ಹಿಂದಿನ ಗೋಡೆ ತೇವ ಹಿಡಿದು ಕೋಣೆಯೆಲ್ಲ ಮುಗ್ಗಲು ವಾಸನೆ. ಗಾಳಿಯಾಡದ ಈ ಕೋಣೆಯಲ್ಲಿ ಮಲಗಿದರೆ ಉಬ್ಬಸ ಬಿಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅಕ್ಕ ಕೇಳಬೇಕಲ್ಲ! "ನಂಗೆ ಗಾಳಿ ತಾಗಬಾರದು ಅಂತ ಅಮ್ಮ ಇಟ್ಟಿದ್ದು. ಯಾರೂ ಮುಟ್ಟೋ ಹಾಗಿಲ್ಲ," ಎಂದು ಪಟ್ಟು ಹಿಡಿದಿದ್ದರು. ನಿನ್ನೆ ಸಂಜೆ ಮೆಟ್ಟಿಲು ಹತ್ತಲಾರದೆ ನಡುವೆಯೇ ಕುಳಿತುಬಿಟ್ಟರು. ಮೇಲೆ ಬಂದವರೇ, "ಏನ್ ಮಾಡ್ತೀಯೋ ಮಾಡ್ಕೋ. ಒಂದು ಗೀರು ಬಿದ್ರೂ ನೋಡ್ಕೋತೀನಿ," ಅಂದರು.

ಪಕ್ಕದ ಮನೆಯವರು ಕೈಹಚ್ಚುತ್ತಾರೆ. ಅಲಮಾರಿ ನರಳುತ್ತಾ ಸರಿಯುತ್ತದೆ. ಹಿಂದೆ ಗೋಡೆಯೆಲ್ಲ ಕಪ್ಪುಕಪ್ಪು ಬೂಷ್ಟು. ಚೌಕಟ್ಟಿನಲ್ಲಿ ಅಮ್ಮನ ರಟ್ಟು ಮೆತ್ತಗಾಗಿ ಜೋತಾಡುತ್ತಿದೆ. ಕಿಟಕಿಯಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದು ಪಕ್ಕಕ್ಕಿಡುತ್ತಾರೆ. ಅಕ್ಕನನ್ನು ನಡುಮನೆಗೆ ಕಳಿಸಿ ಗೋಡೆ ಕೆರೆದು ತೊಳೆಯುತ್ತಾರೆ, ಉಬ್ಬಿದ ಮರ ಕೀಸುತ್ತಾರೆ, ಹೊಸ ಗಾಜು ಕೂರಿಸುತ್ತಾರೆ. ಅಲಮಾರಿ ಒಳಗೋಡೆಯ ಕಡೆಗೆ ಹೋಗುತ್ತದೆ, ಹಿಂದೆ ಗಾಳಿಯಾಡುವಷ್ಟು ಜಾಗ ಬಿಟ್ಟು.

ಮಧ್ಯಾಹ್ನ ಅಕ್ಕ ಒಳಗೆ ಬಂದಾಗ ಮಂಚದ ಮೇಲೆ ಬಿಸಿಲು ಬಿದ್ದಿದೆ. ಮೊದಲು ಅಲಮಾರಿಗೆ ಗೀರು ಬಿದ್ದಿದೆಯೇ ಎಂದು ಸುತ್ತಲೂ ಸವರಿ ನೋಡುತ್ತಾರೆ. ಆಮೇಲೆ ಕಿಟಕಿಯ ಬಳಿ ಕೂರುತ್ತಾರೆ. "ಗಾಜು ಹಾಕಿಸ್ತೀನಿ, ಹಾಕಿಸ್ತೀನಿ ಅಂತಾನೇ ಇದ್ಲು ಕಣೇ ಅಮ್ಮ," ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಮರುಗಳಿಗೆಗೇ, "ನೆಲ ಯಾರು ಗುಡಿಸ್ತಾರೆ?" ಎಂದು ಶುರು ಮಾಡುತ್ತಾರೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಪೊರಕೆ ಹಿಡಿದ ಕಿಟಕಿಯಮ್ಮ ನಗುತ್ತಾರೆ. "ಇನ್ನೇನಿರುತ್ತೆ? ಇವಳು ಹೀಗೇ ಇಲ್ಲಿ ಕೂತು ನನ್ನ ಬೈತಾ ಇರ್ಬೇಕು. ನಡುವೆ ಕೆಮ್ಮದೆ."