ಬದನೆಕಾಯಿ ಬಿಟ್ಟದ್ದು ಯಾವ ದೇವರಿಗೆ?

ಎಂಟು ತಿಂಗಳು ನಾನು ಬದನೆಕಾಯಿ ಮುಟ್ಟಲಿಲ್ಲ. ಇದರಲ್ಲೇನು ದೊಡ್ಡ ಮಾತು ಎಂದು ನಿಮಗನ್ನಿಸಿದರೆ ನೀವು ಬಾಗಲಕೋಟೆ ಕಡೆಯವರಲ್ಲ ಎಂದಾಯಿತು. ನಮ್ಮ ಕಡೆ ಜೋಳದ ರೊಟ್ಟಿಯ ಪಕ್ಕ ಎಣಗಾಯಿ ಕಾಣದಿದ್ದರೆ ಊಟಕ್ಕೆ ಕೂತವನು ಒಮ್ಮೆ ಅಡುಗೆಮನೆಯ ಕಡೆ ನೋಡುತ್ತಾನೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂದು. ಎಳೆ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳಿ, ಶೇಂಗಾ, ಗುರೆಳ್ಳು, ಖಾರ ತುಂಬಿ, ಎಣ್ಣೆಯಲ್ಲಿ ನಿಧಾನಕ್ಕೆ ಬೇಯಿಸುವ ಪದಾರ್ಥ ಅದು. ಮೂವತ್ತೈದು ವರ್ಷ ಬೆಂಗಳೂರಿನಲ್ಲಿದ್ದು ಮಾತಿನ ಧಾಟಿ ಬದಲಿಸಿಕೊಂಡೆ, ಮುದ್ದೆ ನುಂಗುವುದು ಕಲಿತೆ, ಸಾರಿಗೆ ಬೆಲ್ಲ ಹಾಕಿದರೂ ಸುಮ್ಮನೆ ಉಣ್ಣುವಷ್ಟು ಸಹನೆ ಬೆಳೆಸಿಕೊಂಡೆ. ಎಣಗಾಯಿಯೊಂದನ್ನು ಬಿಟ್ಟಿರಲಿಲ್ಲ. ಅದನ್ನೂ ಬಿಟ್ಟೆ. ಡಾಕ್ಟರು ಬಿಡಿಸಿದ್ದಲ್ಲ. ದೇವರಿಗೆ ಬಿಟ್ಟೆ ಎನ್ನೋಣವೆಂದರೆ ತಾಪತ್ರಯ ಶುರುವಾದದ್ದೇ ಅಲ್ಲಿ. ಯಾವ ದೇವರಿಗೆ ಎಂಬುದು ನನಗೇ ಗೊತ್ತಿರಲಿಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಮ್ಮಲ್ಲಿ ಗಾದೆಯಿದೆ. ಬದನೆಕಾಯಿ ತಿನ್ನಬಾರದು ಎಂದು ಊರಿಗೆಲ್ಲ ಪುರಾಣ ಹೇಳಿ, ಮನೆಗೆ ಬಂದು ಅದನ್ನೇ ಚಪ್ಪರಿಸಿದ ಮಹಾನುಭಾವನ ಗಾದೆ ಅದು. ನನ್ನ ಕಥೆ ಅವನದಕ್ಕೆ ಪೂರ್ತಿ ಉಲ್ಟಾ. ಪುರಾಣವೂ ಇಲ್ಲ, ಬದನೆಕಾಯಿಯೂ ಇಲ್ಲ. ಅವನಿಗೆ ಊಟವಾದರೂ ದಕ್ಕಿತ್ತು.

ನಾನು ನಾಸ್ತಿಕನಲ್ಲ. ನಾಸ್ತಿಕನಾಗಲು ಕಸುವು ಬೇಕು, ಮದುವೆ ಮನೆಗಳಲ್ಲಿ ನಿಂತು ವಾದ ಮಾಡಬೇಕು. ಆಸ್ತಿಕನಾಗಲು ಅದಕ್ಕಿಂತ ಹೆಚ್ಚು ಕಸುವು ಬೇಕು, ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಲ್ಲಬೇಕು. ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನಾನು ಇಡೀ ನೌಕರಿ ಮುಗಿಸಿದವನು. ಅಲ್ಲಿ ನಮಗೆ ಮೊದಲ ದಿನ ಕಲಿಸಿದ ಪಾಠ ಒಂದೇ: ನೀನು ಅಳೆಯದ್ದಕ್ಕೆ ಸಹಿ ಹಾಕಬೇಡ. ಸರಿಯಿದ್ದ ಬಿಡಿಭಾಗಕ್ಕೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು ಚೀಟಿ, ಅಳತೆಗೆ ಸಿಗದೆ ತೀರ್ಮಾನ ಬಾಕಿ ಉಳಿದದ್ದಕ್ಕೆ ಹಳದಿ. ದೇವರಿಗೆ ನಾನು ಮೊದಲೇ ಒಂದು ಹಳದಿ ಚೀಟಿ ಕಟ್ಟಿ ಪಕ್ಕದ ರ‍್ಯಾಕಿನಲ್ಲಿಟ್ಟಿದ್ದೇನೆ. ತಳ್ಳಿಹಾಕಿಲ್ಲ, ಪಾಸೂ ಮಾಡಿಲ್ಲ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ಗಿರಿಜಾ, ಅವನೂ ನಿಮಗ ಅಂಥಾದ್ದೇ ಒಂದು ಚೀಟಿ ಕಟ್ಟಿರತಾನ ಬಿಡ್ರಿ ಎನ್ನುತ್ತಾಳೆ.

ಹಾಗೆಂದು ನನ್ನ ದಿನದಲ್ಲಿ ಪೂಜೆಯಂಥದ್ದು ಏನೂ ಇಲ್ಲವೆಂದಲ್ಲ. ನಿಮಗಷ್ಟೇ ಹೇಳುತ್ತೇನೆ. ನೌಕರಿಯಲ್ಲಿದ್ದಾಗ ಬೆಳಿಗ್ಗೆ ಆರೂಕಾಲಿಗೆ ಜಾಲಹಳ್ಳಿ ಪಕ್ಕದ ನಮ್ಮ ಸಿಂಗಾಪುರ ಬಡಾವಣೆಯ ಮುಖ್ಯರಸ್ತೆಯಲ್ಲಿ ನಿಂತು ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದೆ. ಆ ಹತ್ತು ನಿಮಿಷ ನಾನು ಮನೆಯವನೂ ಅಲ್ಲ, ಕಾರ್ಖಾನೆಯವನೂ ಅಲ್ಲ. ಕೈಯಲ್ಲಿ ಊಟದ ಡಬ್ಬಿ, ಎದುರಿಗೆ ಒಂದು ಹೊಂಗೆ ಮರ, ಮಾಡಬೇಕಾದ ಕೆಲಸ ಶೂನ್ಯ. ಎದೆಯೊಳಗೆ ಏನೋ ತಿಳಿಯಾಗುತ್ತಿತ್ತು. ನಿವೃತ್ತಿಯಾದ ಮೇಲೆ ನನಗೆ ನೆನಪಾದದ್ದು ಕೆಲಸವಲ್ಲ, ಈ ಕಾಯುವಿಕೆ. ಹೀಗಾಗಿ ಈಗಲೂ ದಿನಾ ಹೋಗಿ ಅಲ್ಲೇ ನಿಲ್ಲುತ್ತೇನೆ. ಬಸ್ಸು ಬರುತ್ತದೆ, ಉಳಿದವರು ಹತ್ತುತ್ತಾರೆ, ನಾನು ಮನೆಗೆ ಬರುತ್ತೇನೆ. ಹೊಸ ಡ್ರೈವರೊಬ್ಬ ಒಂದು ವಾರ ನನಗಾಗಿ ಬಾಗಿಲು ತೆರೆದಿಟ್ಟು ಕಾದ. ಆಮೇಲೆ ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದರು. ಈಗ ಅವನು ನನ್ನನ್ನು ಕಂಡರೆ ಕನಿಕರದಿಂದ ಕೈ ಬೀಸುತ್ತಾನೆ.

ಇನ್ನು ಮುನಿರಾಜಪ್ಪನವರ ವಿಷಯ. ನಾನು ಬಾಗಲಕೋಟೆಯಿಂದ ಟ್ರಂಕು ಹೊತ್ತು ಬಂದಾಗ ಮನೆ ಬಾಡಿಗೆಗೆ ಕೊಟ್ಟವರು ಅವರು. ಸಿಂಗಾಪುರದ ಹಳೇ ಒಕ್ಕಲು. ಆಗ ಅವರ ಮನೆ ಹಿಂದೆ ರಾಗಿ ಹೊಲವಿತ್ತು, ಈಗ ಅಲ್ಲೆಲ್ಲ ಮೂರಂತಸ್ತಿನ ಮನೆಗಳು. ಅವರ ಮನೆಯಲ್ಲಿ ಒಂಬತ್ತು ವರ್ಷವಿದ್ದು, ಆಮೇಲೆ ಎರಡು ಬೀದಿ ಆಚೆ ನನ್ನದೇ ಗೂಡು ಕಟ್ಟಿಕೊಂಡೆ. ಬಾಡಿಗೆಯ ಸಂಬಂಧ ಹೋಗಿ ಸ್ನೇಹ ಉಳಿಯಿತು. ದೇವರ ವಿಷಯದಲ್ಲಿ ಅವರಿಗೆ ಭೇದವಿಲ್ಲ. ಬೆಟ್ಟದ ಮೇಲಿರುವವನು, ಕಾಡಿನಲ್ಲಿರುವವನು, ಊರ ಬಾಗಿಲಲ್ಲಿರುವವಳು, ಎಲ್ಲರೂ ಅವರಿಗೆ ಬೀಗರಂತೆ, ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿ ಬರಲೇಬೇಕು. ಎಷ್ಟೋ ಸಲ ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಹೋಗಿದ್ದಾರೆ. ಒಳಗೆ ಬನ್ನಿ ಎಂದು ಒಮ್ಮೆಯೂ ಒತ್ತಾಯ ಮಾಡಿದವರಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ಅವರು ಬಂದು ನನ್ನ ಅಂಗೈಗೆ ಪ್ರಸಾದ ಹಾಕುತ್ತಿದ್ದರು, ನಾನು ತಿನ್ನುತ್ತಿದ್ದೆ. ಪ್ರಸಾದದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.

ಅಂಥ ಮುನಿರಾಜಪ್ಪನವರಿಗೆ ಹೋದ ವರ್ಷ ಎದೆ ಹಿಡಿದುಕೊಂಡಿತು. ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ನೋಡಿ, ರಕ್ತನಾಳ ಮೂರು ಕಡೆ ಕಟ್ಟಿದೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ಹಿಂದಿನ ದಿನ ಸಂಜೆ ನೋಡಲು ಹೋದೆ. ಹಾಸಿಗೆಯ ಮೇಲೆ ಕೂತಿದ್ದರು. ಅವರ ಎರಡೂ ಮುಂಗೈ ಬೋಳಾಗಿದ್ದವು. ಕೆಂಪು, ಹಳದಿ, ಕಪ್ಪು ಎಂದು ಹತ್ತಾರು ದಾರಗಳಿಲ್ಲದ ಆ ಕೈಗಳನ್ನು ನಾನು ಮೂವತ್ತೈದು ವರ್ಷದಲ್ಲಿ ನೋಡಿರಲಿಲ್ಲ. ಆಪರೇಷನ್‌ಗೆ ಮೈಮೇಲೆ ಏನೂ ಇರಬಾರದೆಂದು ನರ್ಸಮ್ಮ ಎಲ್ಲವನ್ನೂ ಕತ್ತರಿಸಿದ್ದಳಂತೆ. ಅವರ ಹೆಂಡತಿ ಲಕ್ಷ್ಮಮ್ಮನವರು ಆ ದಾರಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು. ಮುನಿರಾಜಪ್ಪ ಹೆದರಿದ್ದರು. ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ಒಂದು ಕೈಯಿಂದ ಇನ್ನೊಂದು ಮುಂಗೈ ಸವರಿಕೊಳ್ಳುತ್ತಿದ್ದರು.

ನಾನು ಹೊರಡಲು ಎದ್ದಾಗ ಕೈ ಹಿಡಿದರು.

"ಸಾ, ನಮ್ ದೇವ್ರಿಗೆಲ್ಲ ಏಳ್ಕಂಡಿವ್ನಿ. ನಿಮ್ದೂ ಯಾವ್ದೋ ಒಂದೈತಲ್ಲ, ಅದ್ರತ್ರಾನೂ ಒಂದು ಮಾತು ಆಕ್ಬಿಡಿ."

ಆಗಲಿ ಎಂದೆ. ಆ ಹೊತ್ತಿನಲ್ಲಿ ಹಳದಿ ಚೀಟಿಯ ಸಿದ್ಧಾಂತ ವಿವರಿಸುವಷ್ಟು ಮೂರ್ಖ ನಾನಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಎಸ್ಟೀಮ್ ಮಾಲ್ ಮುಂದಿನ ಟ್ರಾಫಿಕ್ಕಿನಲ್ಲಿ ನಿಂತಾಗ ಯೋಚನೆ ಹತ್ತಿತು. ಎಲ್ಲಿ ಹೋಗಿ ಮಾತು ಹಾಕಲಿ? ನನ್ನ ಬಸ್‌ಸ್ಟಾಪಿನಲ್ಲಿ ಮಾತು ಕೇಳಿಸಿಕೊಳ್ಳುವ ದೇವರು ಯಾರೂ ಇಲ್ಲ. ಅಲ್ಲಿ ಯಾರೂ ಇಲ್ಲದ್ದೇ ನನಗೆ ಇಷ್ಟವಾದದ್ದು. ನನ್ನ ನೆಮ್ಮದಿಗೆ ಅದು ಸಾಕು, ಇನ್ನೊಬ್ಬರ ಜೀವ ಉಳಿಸು ಎಂದು ಕೇಳಬೇಕಾದಾಗ ಕೇಳಿಸಿಕೊಳ್ಳಲು ಒಬ್ಬರು ಬೇಕಾಗುತ್ತಾರೆ. ಗುಡಿಗೆ ಹೋಗುವವರಿಗೆ ಈ ಅನುಕೂಲವಿದೆ ಎಂದು ಅವತ್ತು ಮೊದಲ ಬಾರಿಗೆ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಗಿರಿಜಾ ತಟ್ಟೆ ಹಾಕಿದಳು. ರೊಟ್ಟಿ, ಎಣಗಾಯಿ. ತುತ್ತು ಮುರಿದೆ, ಬಾಯಿಗೆ ಹೋಗಲಿಲ್ಲ. ಎಣಗಾಯಿಯನ್ನು ತಟ್ಟೆಯಿಂದ ತೆಗೆದಿಟ್ಟು, "ಇನ್ನ ಇದು ಬ್ಯಾಡ. ಅಂವಾ ಎದ್ದು ಬರ್ಲಿ" ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಅವಳು ಕೈ ತಡೆದು, "ಯಾವ ದೇವರಿಗೆ ಬೇಡ್ಕೊಂಡ್ರಿ?" ಎಂದಳು. ಗೊತ್ತಿಲ್ಲ ಎಂದೆ. ಮಾಡಿದ ಎಣಗಾಯಿಯನ್ನು ಆ ದಿನ ಅವಳೂ ತಿನ್ನಲಿಲ್ಲ.

ಏನನ್ನಾದರೂ ಬಿಡುವುದು ನಮ್ಮವರಿಗೆ ಹೊಸದಲ್ಲ. ಕಾಶಿಗೆ ಹೋದವರು ಒಂದು ತರಕಾರಿ ಬಿಟ್ಟು ಬರುತ್ತಾರೆ. ನನ್ನ ದೊಡ್ಡಪ್ಪ ಹಾಗಲಕಾಯಿ ಬಿಟ್ಟು ಬಂದಿದ್ದ, ಹುಟ್ಟಿದಾರಭ್ಯ ಅದನ್ನು ಅವನು ಬಾಯಿಗಿಟ್ಟವನಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬಿಟ್ಟ ವಸ್ತುವಿನಲ್ಲಿ ಮೋಸವಿರಲಿಲ್ಲ. ಕಾಗದಪತ್ರದಲ್ಲಿ ದೋಷವಿತ್ತು. ಯಾರಿಗೆ ಎಂದು ಬರೆದಿರಲಿಲ್ಲ, ಎಲ್ಲಿಯ ತನಕ ಎಂದು ಸರಿಯಾಗಿ ಹೇಳಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಕಾಗದದಲ್ಲಿ ಇಂಥ ತಪ್ಪು ಹುಡುಕಿ ವಾಪಸು ಕಳಿಸಿದವನು ನಾನು.

ಆಪರೇಷನ್ ಚೆನ್ನಾಗಿ ಆಯಿತು. ಮುನಿರಾಜಪ್ಪ ಚೇತರಿಸಿಕೊಂಡು ತಿರುಗಾಡಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಒಂದೊಂದೇ ಹರಕೆ ತೀರಿಸಲು ಹೊರಟರು. ಒಂದು ಕಡೆ ಮುಡಿ, ಒಂದು ಕಡೆ ಉರುಳುಸೇವೆಗೆ ಬದಲು ಮಗನಿಂದ ಪ್ರದಕ್ಷಿಣೆ, ಇನ್ನೊಂದು ಕಡೆ ದೀಪ. ಎಲ್ಲ ಮುಗಿಸಿ, ಮನೆ ಮುಂದೆ ಶಾಮಿಯಾನ ಹಾಕಿಸಿ ಊರಿಗೆ ಊಟ ಹಾಕಿಸಿದರು. ನಮ್ಮ ಸಾಲಿಗೆ ಅವರೇ ಬಡಿಸಲು ಬಂದರು. ಬಕೆಟ್ಟಿನಲ್ಲಿ ಬದನೆಕಾಯಿ ಪಲ್ಯ. ಯಾರಿಗೆ ಒಪ್ಪಿಸಿ ಮುಗಿಸಬೇಕೆಂದು ತಿಳಿಯದೆ ನಾನಿನ್ನೂ ಬಿಟ್ಟೇ ಇದ್ದೆ, ಎಲೆಗೆ ಕೈ ಅಡ್ಡ ಹಿಡಿದೆ. ಬದನೆಕಾಯಿಗೆ ನಾನು ಬೇಡ ಎಂದದ್ದನ್ನು ನೋಡಿ ಅವರಿಗೆ ನಗು ಬಂತು. ಪಕ್ಕದಲ್ಲಿದ್ದ ಗಿರಿಜಾ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು, ನಿಮ್ಮ ಸಲುವಾಗಿ ಬಿಟ್ಟಾರ, ಯಾವ ದೇವರಿಗಂತ ಕೇಳಿದ್ರ ಗೊತ್ತಿಲ್ಲ ಅಂತಾರ ಎಂದು. ಮುನಿರಾಜಪ್ಪನವರ ನಗು ನಿಂತಿತು.

ಅಲ್ಲಿಂದ ಅವರಿಗೆ ಭಯ ಹತ್ತಿತು. ಕಟ್ಟಿಕೊಂಡ ಹರಕೆ ತೀರದೆ ಉಳಿದರೆ ಯಾರಿಗಾಗಿ ಕಟ್ಟಿಕೊಂಡಿದ್ದೋ ಅವರಿಗೇ ಕೇಡು ಎಂಬುದು ಅವರು ಹುಟ್ಟಿನಿಂದ ಕೇಳಿದ ಮಾತು. ಬೆಳಗಿನ ವಾಕಿಂಗ್ ನಿಲ್ಲಿಸಿದರು. ಊಟ ಕಡಿಮೆ ಮಾಡಿದರು. ಜಗಲಿಯ ಮೇಲೆ ಅಂಗೈಯನ್ನು ಎದೆಗೊತ್ತಿಕೊಂಡು ಕೂರುತ್ತಾರೆ ಎಂದು ಲಕ್ಷ್ಮಮ್ಮನವರು ಬಂದು ಹೇಳಿದರು. ಡಾಕ್ಟರು ನೋಡಿ, ಹೃದಯ ಗಟ್ಟಿಯಾಗಿದೆ, ಇವರಿಗೆ ಬೇರೇನೋ ಚಿಂತೆಯಿದೆ ಎಂದರಂತೆ. ಆ ಬೇರೇನೋ ನಾನು. ಒಳ್ಳೆಯದು ಮಾಡಲು ಹೋಗಿ ಸ್ನೇಹಿತನ ಪ್ರಾಣಕ್ಕೆ ಕುತ್ತಾದೆನಲ್ಲ ಎಂದು ನನಗೂ ನಿದ್ದೆ ಬರಲಿಲ್ಲ.

ಒಂದು ದಿನ ಮುನಿರಾಜಪ್ಪ ನನ್ನನ್ನು ಬಡಾವಣೆಯ ಗುಡಿಯ ಅರ್ಚಕರ ಬಳಿ ಎಳೆದುಕೊಂಡು ಹೋದರು. ಅರ್ಚಕರು ಒಳ್ಳೆಯವರು. ಹರಕೆಯನ್ನು ಹೊತ್ತಲ್ಲೇ ಇಳಿಸಬೇಕು, ಹೆಸರು ನೆನಪಿಲ್ಲದಿದ್ದರೆ ಇಲ್ಲೇ ಒಪ್ಪಿಸಿ, ಎಲ್ಲ ಒಬ್ಬನೇ ಎಂದರು. ನನಗೆ ಅದು ಒಪ್ಪಿಗೆಯೇ ಆಗಿತ್ತು. ಮುನಿರಾಜಪ್ಪ ಒಪ್ಪಲಿಲ್ಲ, ಒಬ್ಬರಿಗೆ ಹೇಳಿಕೊಂಡದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಮರ್ಯಾದೆಯಲ್ಲ ಎಂದರು. ಎಲ್ಲ ಒಬ್ಬನೇ ಎಂಬುದು ಅರ್ಚಕರಿಗೂ ನನಗೂ ಸುಲಭ. ಮುನಿರಾಜಪ್ಪ ಒಬ್ಬೊಬ್ಬ ದೇವರನ್ನೂ ಬೇರೆಬೇರೆಯಾಗಿ ಮಾತಾಡಿಸಿ ಬಂದವರು.

ಹೊರಗೆ ಕಟ್ಟೆಯ ಮೇಲೆ ಕೂತೆವು. ನಿಮ್ಮ ಕಡೆಯ ಬನಶಂಕರಿಯೇ ಇರಬೇಕು, ನೆನಪು ಮಾಡಿಕೊಳ್ಳಿ ಎಂದರು. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮರುದಿನವೇ ಕಾರು ಬಾದಾಮಿಗೆ ಹೊರಡುತ್ತಿತ್ತು, ಅವರಿಗೆ ನಿದ್ದೆ ಬರುತ್ತಿತ್ತು, ನನಗೆ ಎಣಗಾಯಿ ಸಿಗುತ್ತಿತ್ತು. ಹೂಂ ನಾಲಿಗೆಯ ತುದಿಗೇ ಬಂದಿತ್ತು. ಬಿಪಿ ಎಷ್ಟಿದೆ, ಆರಾಮಿದ್ದೀರಾ ಎಂದು ಕೇಳಿದಾಗ ನಾವೆಲ್ಲ ಸುಳ್ಳು ಹೇಳುತ್ತೇವೆ. ಆದರೆ ಅಂದು ತಟ್ಟೆಯಿಂದ ತೆಗೆದಿಟ್ಟ ಎಣಗಾಯಿಯಲ್ಲಿ ಸುಳ್ಳಿರಲಿಲ್ಲ, ಅದಕ್ಕೆ ಈಗ ಸುಳ್ಳು ಹೆಸರು ಅಂಟಿಸಲು ನನಗೆ ಮನಸ್ಸಾಗಲಿಲ್ಲ. ಇಲ್ಲ ಎಂದೆ.

ಅವರು ಬೇರೆ ರೀತಿ ಕೇಳಿದರು.

"ಓಗ್ಲಿ ಸಾ. ತಟ್ಟೆ ಮುಂದೆ ಕುಂತಿದ್ರಲ್ಲ, ಆವಾಗ ಕಣ್ಮುಂದೆ ಯಾರು ಬಂದ್ರು? ಅದನ್ನೇಳಿ."

"ನೀವೇ ಬಂದ್ರಿ," ಎಂದೆ. "ಬೋಳು ಮುಂಗೈ ಹಿಡ್ಕೊಂಡು ಕೂತಿದ್ರಿ."

ಅವರು ಬಿಡ್ತು ಬಿಡ್ತು ಎಂದು ಗಲ್ಲ ಬಡಿದುಕೊಂಡರು. ಮನುಷ್ಯನಿಗೆ ಯಾರಾದರೂ ಹರಕೆ ಹೊರುತ್ತಾರಾ ಎಂದು ಬೈದರು. ಆಮೇಲೆ ನನಗಿಂತ ಹತ್ತು ಹೆಜ್ಜೆ ಮುಂದೆ ಮನೆಯ ಕಡೆ ನಡೆದರು. ನನ್ನ ಮಾತಿನಿಂದ ಇನ್ನಷ್ಟು ಹೆದರಿದರೋ ಏನೋ ಎಂದುಕೊಳ್ಳುತ್ತ ನಾನು ಹಿಂದೆ ನಡೆದೆ.

ಮರುದಿನ ಮಧ್ಯಾಹ್ನ ಗೇಟಿನ ಸದ್ದಾಯಿತು. ಮುನಿರಾಜಪ್ಪ, ಹಿಂದೆ ಲಕ್ಷ್ಮಮ್ಮ. ತಲೆಗೆ ಸ್ನಾನ ಮಾಡಿ, ಬಿಳೀ ಪಂಚೆ ಉಟ್ಟು, ಎಲ್ಲಿ ನಿಲ್ಲಬೇಕು ಏನು ಮಾಡಬೇಕು ಗೊತ್ತಾಗದ ಮದುಮಗನ ಹಾಗೆ ಬಾಗಿಲಲ್ಲಿ ನಿಂತಿದ್ದರು. ಆಪರೇಷನ್ ಆದಮೇಲೆ ಅವರು ನಮ್ಮ ಮನೆಗೆ ಬಂದೇ ಇರಲಿಲ್ಲ, ನಾನೇ ಅಲ್ಲಿಗೆ ಹೋಗುತ್ತಿದ್ದೆ. ಗಿರಿಜಾಗೆ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಟ್ಟಿದ್ದರೆಂದು ಕಾಣುತ್ತದೆ. ಅವಳು ನನ್ನ ಮುಂದೆ ತಟ್ಟೆಯಿಟ್ಟು, ಎಣಗಾಯಿಯ ಬೋಗುಣಿಯನ್ನು ಅವರ ಕೈಗೆ ಕೊಟ್ಟಳು. ಅವರು ಬಗ್ಗಿ, ಉಸಿರು ಬಿಗಿಹಿಡಿದು, ಒಂದು ಇಡೀ ಬದನೆಕಾಯಿಯನ್ನು ನನ್ನ ರೊಟ್ಟಿಯ ಮೇಲಿಟ್ಟರು.

"ಎದ್ದು ಬರ್ಲಿ ಅಂದಿದ್ರಂತಲ್ಲ. ಬಂದಿವ್ನಿ. ಉಣ್ಣಿ ಸಾ."

ನನಗೆ ಅಳು ಬಂತು. ಅರವತ್ತೈದು ವರ್ಷದವನು ತಟ್ಟೆಯ ಮುಂದೆ ಕೂತು ಅತ್ತೆ, ಅಳುತ್ತಲೇ ತಿಂದೆ. ಮುನಿರಾಜಪ್ಪ ಎದುರಿಗೆ ಕುರ್ಚಿಯಲ್ಲಿ ಕೂತು ನಾನು ಕೊನೆಯ ತುತ್ತು ನುಂಗುವವರೆಗೂ ಕಣ್ಣು ಕೀಳದೆ ನೋಡಿದರು. ಆಮೇಲೆ ಅವರ ಕಣ್ಣು ಮೆಲ್ಲಗೆ ಬೋಗುಣಿಯ ಕಡೆ ಹೊರಳಿತು. ಎಣ್ಣೆ ಪದಾರ್ಥ ಮುಟ್ಟಕೂಡದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಕಾವಲಿಗೆ ಲಕ್ಷ್ಮಮ್ಮನವರಿದ್ದಾರೆ. ಹರಕೆ ತೀರಿದ ಜಾಗದಿಂದ ಪ್ರಸಾದ ತಗೊಳ್ಳದೆ ಬರಿಗೈಯಲ್ಲಿ ಹೋಗಬಾರದು ಎಂದು ಅವರು ಯಾರಿಗೂ ಅಲ್ಲದ ಹಾಗೆ ಗೊಣಗಿದರು. ಲಕ್ಷ್ಮಮ್ಮನವರು ಬಹಳ ಯೋಚನೆ ಮಾಡಿ, "ಅರ್ಧ" ಎಂದರು.