ಏನೂ ಯೋಚಿಸಬೇಡಿ

ಅಕ್ಷರ ಸೊಟ್ಟಗಿದ್ದರೆ ಓದುವವರು ಬೇಸರಿಸಬಾರದು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಕೈ ಇದು, ಪದಗಳೂ ಕಡಿಮೆ. ಗೊತ್ತಿಲ್ಲದ್ದನ್ನು ಕೇಳಿ ತಿಳಿದೇ ಬರೆದಿದೆ.

ಸೌದಾಮಿನಿ ಉಡುಪಿಯವರು. ಅಮೆರಿಕದ ಪಾಲೋ ಆಲ್ಟೋದ ಒಂದು ಸಂಶೋಧನಾ ಕೇಂದ್ರದಲ್ಲಿ ಅವರಿಗೆ ಮೆದುಳಿನ ಕೆಲಸ. ಮನುಷ್ಯರನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಮೆದುಳಿನ ಯಾವ ಭಾಗ ಯಾವುದರ ಜೊತೆ ಚುರುಕಾಗುತ್ತದೆ, ಯಾವುದರ ಜೊತೆ ತಣ್ಣಗಾಗುತ್ತದೆ ಎಂದು ನೋಡುತ್ತಿದ್ದರು. "ಎರಡು ಮನೆಗಳಲ್ಲಿ ದಿನಾ ಒಟ್ಟಿಗೆ ದೀಪ ಹತ್ತಿ ಒಟ್ಟಿಗೆ ಆರಿದ್ರೆ ಏನೋ ಸಂಬಂಧ ಉಂಟು ಅಂತ ಅಲ್ವಾ, ಹಾಗೆ" ಎನ್ನುತ್ತಿದ್ದರು.

ಎರಡು ಮೂರು ಭಾಷೆಗಳಲ್ಲಿ ಬದುಕಿದ ಹಿರಿಯರ ಮೆದುಳಿನಲ್ಲಿ ಮಾತಿನ ಭಾಗಗಳು, ಮಾತಿಲ್ಲದ ಹೊತ್ತಿನಲ್ಲೂ ಹೀಗೆ ಕೂಡಿರುತ್ತವೆಯೇ? ಇದು ಅವರ ಪ್ರಶ್ನೆ. ಕನ್ನಡ ಕೂಟದಲ್ಲಿ ಕೇಳಿಕೊಂಡು, ಮಕ್ಕಳ ಮನೆಗಳಲ್ಲಿದ್ದ ಹಿರಿಯರನ್ನು ತಾವೇ ಕಾರಿನಲ್ಲಿ ಕರೆತಂದರು. ಎಲ್ಲರಿಗೂ ಒಂದೇ ಮಾತು ಹೇಳಿದರು: "ಕಣ್ಣು ಮುಚ್ಚಿ ಸುಮ್ಮನೆ ಮಲಗಿ. ಅಲುಗಾಡಬೇಡಿ. ಏನೂ ಯೋಚಿಸಬೇಡಿ."

ಉತ್ತರ ಬಂತು. ಇಂಗ್ಲಿಷ್ ಒಂದೇ ಬಲ್ಲ ಇಲ್ಲಿನ ಹಿರಿಯರಿಗಿಂತ ನಮ್ಮವರ ಮಾತಿನ ಭಾಗಗಳು ಬಹಳ ಬಿಗಿಯಾಗಿ ಕೂಡಿಕೊಂಡಿದ್ದವು. ದೊಡ್ಡ ವಿಜ್ಞಾನ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿಕೊಂಡಿತು. ಅದು ಎರಡು ಸಾವಿರದ ಒಂದನೇ ಇಸವಿ. ಗಂಡ ಯತೀಶರ ಡಾಟ್‌ಕಾಮ್ ಕಂಪನಿ ಮಾರ್ಚಿನಲ್ಲೇ ಮುಚ್ಚಿತ್ತು. ಇಬ್ಬರೂ ಈ ದೇಶದಲ್ಲಿ ನಿಂತಿದ್ದದ್ದು ಸೌದಾಮಿನಿಯವರ ವೀಸಾದ ಮೇಲೆ. ಪ್ರಬಂಧ ಅಚ್ಚಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಜೂನ್ ಕೊನೆಗೆ ಮುಗಿಯುತ್ತದೆ ಎಂದು ಮೇಲಿನವರು ಮುಖಕ್ಕೇ ಹೇಳಿದ್ದರು.

ಪ್ರಬಂಧದ ಸುದ್ದಿ ತಿಳಿಸಲು ಸಿಹಿ ಹಿಡಿದು ಸೌದಾಮಿನಿ ವಾಲ್ನಟ್ ಕ್ರೀಕ್‌ಗೆ ಬಂದರು. ಯಂತ್ರದಲ್ಲಿ ಮಲಗಿದ್ದವರಲ್ಲಿ ಒಬ್ಬರಾದ ಮೈಸೂರಿನ ಆಬಿದಾ ಅಲ್ಲಿ ಮಗನ ಅಪಾರ್ಟ್‌ಮೆಂಟಿನಲ್ಲಿದ್ದರು.

"ಅದ್ರೊಳಗೆ ಮಲಗೋಕೆ ಕಷ್ಟ ಆಯ್ತಾ ಆಂಟಿ?"

"ಖಬರ್ ಥರಾನೇ, ಗೋರಿಯೊಳಗೆ ಇಟ್ಟ ಹಾಗೇ ಇತ್ತು ಬೇಟಿ. ಮೇಲೆ ಢಣಢಣ ಬೇರೆ. ಏನೂ ಯೋಚ್ನೆ ಮಾಡ್ಬೇಡಿ ಅಂದಿದ್ಯಲ್ಲ, ಅದಕ್ಕೆ ಶುರುವಿಂದ ಕೊನೇವರ್ಗೂ ಮನಸ್ಸಲ್ಲೇ ದರೂದ್ ಪ್ರಾರ್ಥನೆ ಓದ್ತಾ ಇದ್ದೆ. ಯೋಚ್ನೆ ಬರದೇ ಇರೋಕೆ ಬೇರೆ ದಾರಿ ಏನಿದೆ?" ಆಬಿದಾ ನಕ್ಕರು. "ನನ್ನ ಜೊತೆ ಬಂದಿದ್ದ ನಿಮ್ಮ ಆನಂದತೀರ್ಥ ರಾಯರಂತೂ ನೀನು ಕಾರ್ ತರೋಕೆ ಹೋದಾಗ ಮುನಿಸ್ಕೊಂಡಿದ್ರು. ಸಹಸ್ರನಾಮ ಮುಗಿಯೋ ಮುಂಚೇನೇ ಮಿಷನ್ನು ನಿಲ್ಸಿಬಿಟ್ರಂತೆ!"

ಸೌದಾಮಿನಿ ಚಹಾದ ಕಪ್ಪು ಕೆಳಗಿಟ್ಟರು. ಉಳಿದವರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಒಬ್ಬರು ರಾಮನಾಮ ಹೇಳಿಕೊಂಡಿದ್ದರು, ಇನ್ನೊಬ್ಬರು ಗಾಯತ್ರಿ. "ಮತ್ತೇನ್ ಮಾಡ್ಬೇಕಿತ್ತು?" ಎಂದು ಅವರಿಗೇ ಆಶ್ಚರ್ಯ. ಮಾತಿಲ್ಲದ ಹೊತ್ತು ಎಂದು ಪ್ರಬಂಧದಲ್ಲಿ ಬರೆದಿದ್ದ ಹೊತ್ತಿನಲ್ಲೆಲ್ಲ ಅವರು ಬಾಯಿ ಮುಚ್ಚಿಕೊಂಡು ಮಾತಾಡುತ್ತಲೇ ಇದ್ದರು. ಯಂತ್ರದಲ್ಲಿ ಕಂಡ ನಂಟು ಹಲವು ಭಾಷೆಗಳದಲ್ಲ, ಆ ಜಪದ್ದೇ ಇರಬಹುದು.

"ನನ್ನಿಂದ ತಪ್ಪಾಯ್ತಾ ಬೇಟಿ?"

"ಇಲ್ಲ ಆಂಟಿ. ಕೇಳ್ಬೇಕಿದ್ದದ್ದು ನಾನು. ನಮ್ಮಜ್ಜಿ ಕಣ್ಣು ಮುಚ್ಚಿ ಮಲಗಿದ್ರೂ ಜಪಕ್ಕೆ ತುಟಿ ಆಡ್ತಾ ಇರ್ತಿತ್ತು. ಅದನ್ನ ನೋಡ್ಕೊಂಡೇ ದೊಡ್ಡವಳಾದದ್ದು."

ಕರೆದುಕೊಂಡು ಹೋಗಲು ಬಂದ ಯತೀಶ್ ಚಪ್ಪಲಿ ಬಿಡುತ್ತಲೇ ಎಲ್ಲ ಕೇಳಿಸಿಕೊಂಡರು.

"ಮಾರಾಯ್ತಿ, ಇದು ಬೇರೆ ಯಾರಿಗೆ ಗೊತ್ತುಂಟು?"

"ನಂಗೆ ಗೊತ್ತಾಯ್ತಲ್ಲ."

"ಹಾಗಾದ್ರೆ ಜೂನ್ ಮುಗಿದ್ಮೇಲೆ ಗೊತ್ತು ಮಾಡ್ಕೊ."

ಅವರೇ ನಕ್ಕರು. ತಂದ ಸಿಹಿಯನ್ನು ಯಾರೂ ಬಿಚ್ಚಲಿಲ್ಲ.

ಸೋಮವಾರ ಸೌದಾಮಿನಿ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಮೇಲಿನವರು ಬೈಯಲಿಲ್ಲ. ಜೂನ್‌ವರೆಗೆ ಯಂತ್ರ ಬಳಸಿಕೊಳ್ಳಿ ಎಂದಷ್ಟೇ ಹೇಳಿದರು. ಹಿರಿಯರನ್ನು ಮತ್ತೊಮ್ಮೆ, ಈ ಸಲ ಮನಸ್ಸಲ್ಲೂ ಏನೂ ಹೇಳಿಕೊಳ್ಳದಂತೆ ಮಲಗಿಸಿ, ಹೊರಗೆ ಬಂದ ಕೂಡಲೇ ಒಳಗೇನು ನಡೆಯಿತೆಂದು ಕೇಳಬೇಕು ಎಂದುಕೊಂಡರು. ಆದರೆ ಕೆಲವರು ಊರಿಗೆ ಮರಳಿದ್ದರು. ನಾಮ ಹೇಳದೆ ಆ ಗುಹೆಯಲ್ಲಿ ಮಲಗಲಾರೆ ಎಂದರು ರಾಯರು. ಆಬಿದಾ ಸೌದಾಮಿನಿಯವರ ಕೈ ಹಿಡಿದುಕೊಂಡರು: "ಖಬರಲ್ಲಿ ದರೂದ್ ಇಲ್ದೆ ಬರೀ ಮನಸ್ಸಲ್ಲಿ ಮಲಗೋಕೆ ನನ್ನಿಂದ ಆಗಲ್ಲ ಬೇಟಿ. ಮಾಫ್ ಮಾಡು."

ಮೆನ್ಲೋ ಪಾರ್ಕಿನಲ್ಲಿ ಸೌದಾಮಿನಿಯವರ ಮನೆಯ ಗೋಡೆಗೆ ಈಗ ಸಾಮಾನು ಕಟ್ಟಲು ತಂದ ಖಾಲಿ ರಟ್ಟಿನ ಪೆಟ್ಟಿಗೆಗಳು ಒರಗಿವೆ. ಗುರುವಾರ ಯಂತ್ರ ಸಿಗುತ್ತದೆ, ಮಲಗುವವರು ಇಲ್ಲ.

ಇದನ್ನು ಬರೆದವಳು ಆಬಿದಾರ ಮೊಮ್ಮಗಳು. ಅವಳು ಹಿರಿಯಳಲ್ಲ, ಅವಳ ಮೆದುಳಿನಿಂದ ಆ ಪ್ರಬಂಧ ಉಳಿಯುವುದೂ ಇಲ್ಲ. ಆದರೂ ಬರುವ ಗುರುವಾರ ಅವಳು ಪಾಲೋ ಆಲ್ಟೋಗೆ ಹೋಗಿ ಆ ಯಂತ್ರದಲ್ಲಿ ಮಲಗುತ್ತಾಳೆ. ಹೊರಗೆ ಬಂದ ಮೇಲೆ, ಒಳಗೆ ಏನೇನು ಹೇಳಿಕೊಂಡಳೆಂದು ಸೌದಾಮಿನಿಯವರಿಗೆ ಹೇಳುತ್ತಾಳೆ.